ಇಲ್ಲದ ಗುಡ್ಡದ ಮಳೆನೆರಳು

"ಸುವ್ವೀ, ನಿನ್ನ ಗುಡ್ಡ ಎಲ್ಲೀತನಕ ನೆಳ್ಳು ಚೆಲ್ತೈತಿ? ಒಂದ್ಸಲ ಖರೇ ಹೇಳಿಬಿಡವ್ವಾ."

ಜುಲೈ ತಿಂಗಳ ಒಂದು ಮುಂಜಾನೆ ಅಕ್ಕ ಲಕ್ಕವ್ವ ಫೋನಿನಲ್ಲಿ ಹೀಗೆ ಕೇಳಿದಾಗ ಸುವರ್ಣಾ ಮೇಟಿ ನಿಯಂತ್ರಣ ಕೊಠಡಿಯಲ್ಲಿ ದೊಡ್ಡ ಪರದೆಯ ಎದುರಿಗೆ ಕೂತಿದ್ದಳು. ಪರದೆಯ ಮೇಲೆ ಪಡುವಣದಿಂದ ಒದ್ದೆ ಗಾಳಿಯ ದೊಡ್ಡ ಹಿಂಡೊಂದು ಸಹ್ಯಾದ್ರಿಯ ತಗ್ಗು ಕಣಿವೆಗಳನ್ನು ದಾಟಿ ಬಯಲಿನ ಮೇಲೆ ಹರಿದು ಬರುತ್ತಿತ್ತು. ಇನ್ನು ಎರಡು ತಾಸಿನೊಳಗೆ ಗೋಪುರಗಳನ್ನು ಹೊತ್ತಿಸಬೇಕು. ಅಂಥ ಹೊತ್ತಿನಲ್ಲಿ ಮನೆಯ ಫೋನು ಬಂದರೆ ಸುವರ್ಣಾ ಎತ್ತುತ್ತಿರಲಿಲ್ಲ. ಅಕ್ಕನದಾದರೆ ಮಾತ್ರ ಎತ್ತುತ್ತಿದ್ದಳು.

"ಅರವತ್ತು ಕಿಲೋಮೀಟರ್ ಅಕ್ಕಾ. ಕೆಂಗುಂಟಿ ತೊಂಬತ್ತೈದರಾಗ ಐತಿ. ಎಷ್ಟು ಸಲ ಹೇಳೀನಿ."

"ಹೇಳೀದಿ. ನಾನೂ ಊರಾಗ ಅದನ್ನ ಹೇಳ್ಕೋಂತ ಬಂದೀನಿ." ಆಚೆ ಕಡೆ ಕುರಿಯೊಂದು ಕೆಮ್ಮಿದ್ದು ಕೇಳಿಸಿತು. "ನಾಕು ವರ್ಷ ಆತು, ನೆಲ ನೆನದಿಲ್ಲ. ಧೂಳ ಅಡಗೂವಷ್ಟು ಎರಡು ಸಲ ಉದುರಿತ್ತು ಅಷ್ಟ. ಬಂದು ನೋಡು. ಮ್ಯಾಲಿಂದ ನೋಡಬ್ಯಾಡ. ಕಾಲಿಲೆ ನಡದು ನೋಡು."

ಸುವರ್ಣಾ ಬರುತ್ತೇನೆ ಎಂದಳು. ಹೋದ ವರ್ಷವೂ ಹಾಗೇ ಅಂದಿದ್ದಳು.

ಆ ಗುಡ್ಡ ಕಣ್ಣಿಗೆ ಕಾಣುವಂಥದ್ದಲ್ಲ. ಎರೆಭೂಮಿಯ ಸಪಾಟು ಬಯಲಿನಲ್ಲಿ ದಕ್ಷಿಣೋತ್ತರವಾಗಿ ನೂರಾ ಹತ್ತು ಕಿಲೋಮೀಟರ್ ಉದ್ದಕ್ಕೆ ಎಂಬತ್ತನಾಲ್ಕು ಗೋಪುರಗಳು ಸಾಲಾಗಿ ನಿಂತಿದ್ದವು. ಒಂದೊಂದರ ಸುತ್ತಲೂ ಬಿಸಿಲು ಹಿಡಿಯುವ ಕರೀ ಹಲಗೆಗಳ ಹೊಲ. ಕೂಡಿಟ್ಟ ಬಿಸಿಯನ್ನೆಲ್ಲ ಒಮ್ಮೆಗೇ ಮೇಲಕ್ಕೆ ಬಿಟ್ಟರೆ ಗೋಪುರದಿಂದ ಗೋಪುರಕ್ಕೆ ಬಿಸಿಗಾಳಿಯ ಗೋಡೆಯೊಂದು ಎದ್ದು ನಿಲ್ಲುತ್ತಿತ್ತು. ಪಡುವಣದಿಂದ ಬಂದ ಒದ್ದೆ ಗಾಳಿ ಅದಕ್ಕೆ ಹಾಯ್ದು, ಒಂಬೈನೂರು ಮೀಟರ್ ಎತ್ತರದ ಬೆಟ್ಟ ಎದುರಾದಂತೆ ಮೇಲೇರುತ್ತಿತ್ತು. ಮೇಲೇರಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ತನ್ನೊಳಗಿನ ನೀರನ್ನು ಹಿಡಿದುಕೊಳ್ಳಲಾಗುವುದಿಲ್ಲ. ಅದು ಸುರಿದ ಮಳೆ ಪಡುವಣ ಬದಿಯ ಬೆಳ್ಳಿಹಳ್ಳ ಜಲಾಶಯ ತುಂಬುತ್ತಿತ್ತು. ಜನ ಅದಕ್ಕೆ ಗಾಳಿಗುಡ್ಡ ಎಂದು ಹೆಸರಿಟ್ಟಿದ್ದರು.

ಆದರೆ ಹತ್ತಿದ ಗಾಳಿ ಇಳಿಯಲೇಬೇಕು. ಮೂಡಣ ಬದಿಗೆ ಇಳಿಯುವಾಗ ಅದರ ನೀರು ಮುಗಿದಿರುತ್ತದೆ. ಇಳಿಯುತ್ತ ಇಳಿಯುತ್ತ ಒತ್ತಡಕ್ಕೆ ಸಿಕ್ಕಿ, ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಹಾಗೆ ಬಿಸಿಯಾಗುತ್ತದೆ. ಬಾಯಾರಿದ ಆ ಗಾಳಿ ಕೊಡುವುದನ್ನು ಬಿಟ್ಟು ನೆಲದಿಂದಲೇ ನೀರು ಕೇಳುತ್ತದೆ. ಲೋಕದ ಎಷ್ಟೋ ಮರುಭೂಮಿಗಳು ದೊಡ್ಡ ಪರ್ವತಗಳ ಬೆನ್ನ ಹಿಂದೆ ಹೀಗೆಯೇ ಹುಟ್ಟಿದವು. ಅದರ ಹೆಸರು ಮಳೆನೆರಳು. ಗಾಳಿಗುಡ್ಡದ ಮಳೆನೆರಳು ಎಷ್ಟು ದೂರ ಚಾಚುತ್ತದೆ ಎಂದು ಲೆಕ್ಕ ಹಾಕಿದವಳು ಸುವರ್ಣಾ.

ಅವಳು ಕುರುಬರ ಹುಡುಗಿ. ಹೆತ್ತವ್ವ ಹೋದಾಗ ಒಂದೂವರೆ ವರ್ಷದ ಕೂಸು. ಹದಿನೈದು ವರ್ಷದ ಲಕ್ಕವ್ವ ಅವಳನ್ನು ಕಂಬಳಿಯ ಜೋಳಿಗೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಕುರಿ ಕಾದಳು. ಮೋಡಗಳೆಲ್ಲ ಪಡುವಣದ ಗುಡ್ಡಗಳಲ್ಲೇ ನಿಂತು ಬಿಡುತ್ತವಲ್ಲ ಯಾಕೆ ಎಂದು ಕೂಸು ಕೇಳಿದರೆ, "ಗುಡ್ಡ ದೊಡ್ಡ ಹೊಟ್ಟೀವು, ಮೊದಲ ಅವು ಉಣ್ತಾವ, ಉಳದಿದ್ದು ನಮಗ" ಎನ್ನುತ್ತಿದ್ದಳು. ಆ ಉಳಿದಿದ್ದರಲ್ಲೇ ಬಯಲಿನಲ್ಲಿ ಕರಡದ ಹುಲ್ಲು ಮೊಣಕಾಲೆತ್ತರ ಬೆಳೆಯುತ್ತಿತ್ತು. ಮುಂದೆ ಸುವರ್ಣಾ ಓದಿದ್ದು, ಡಾಕ್ಟರೇಟು ಪಡೆದದ್ದು ಎಲ್ಲ ಗುಡ್ಡಗಳೂ ಮಳೆಗಳೂ ಕೂಡಿ ನಡೆಸುವ ಈ ವ್ಯವಹಾರದ ಮೇಲೆಯೇ.

ಹನ್ನೆರಡು ವರ್ಷದ ಹಿಂದೆ ಗಾಳಿಗುಡ್ಡದ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ ಕೆಂಗುಂಟಿಯ ಶಾಲೆಯಲ್ಲೇ ನಡೆದಿತ್ತು. ಸುತ್ತಲಿನ ಇಪ್ಪತ್ತು ಹಳ್ಳಿಯ ಜನ ಸೇರಿದ್ದರು. ಸುವರ್ಣಾ ನಕಾಶೆ ಬಿಡಿಸಿ, ನೆರಳು ಅರವತ್ತು ಕಿಲೋಮೀಟರಿಗೆ ಮುಗಿಯುತ್ತದೆ, ಆ ಅರವತ್ತರೊಳಗಿನವರಿಗೆ ಗಾಳಿಗುಡ್ಡ ನಡೆಸುವ ಮಂಡಳಿ ಬೇರೆ ಜಾಗ ಕೊಡುತ್ತದೆ, ನಿಮಗೆ ಏನೂ ಆಗುವುದಿಲ್ಲ ಎಂದು ಹೇಳಿದ್ದಳು. ಜನ ನಂಬಲಿಲ್ಲ. ಅನುಮಾನದ ಗುಸುಗುಸು ಎದ್ದಿತ್ತು. ಆಗ ಹೆಂಗಸರ ಸಾಲಿನಿಂದ ಲಕ್ಕವ್ವ ಎದ್ದು ನಿಂತಿದ್ದಳು.

"ಆಕಿ ನನ್ನ ಬೆನ್ನಮ್ಯಾಲ ಬೆಳದಾಕಿ. ಆಕೀ ಬಾಯಾಗ ಸುಳ್ಳು ಬರಂಗಿಲ್ಲ. ನಾ ಹೊಣಿ."

ಸಭೆ ಒಪ್ಪಿದ್ದು ಆ ಮಾತಿಗೆ; ನಕಾಶೆಗಲ್ಲ.

ಅಂದು ಗೋಪುರಗಳನ್ನು ಹೊತ್ತಿಸಿ, ಬೆಳ್ಳಿಹಳ್ಳದ ಮೇಲೆ ಮಳೆ ಹಿಡಿದದ್ದನ್ನು ನೋಡಿ ಸುವರ್ಣಾ ಸಂಜೆ ಕ್ವಾರ್ಟರ್ಸಿಗೆ ಮರಳಿದಳು. ಪಕ್ಕದ ಮನೆಯ ಹಸೀನಾ ಅಂಗಳದಲ್ಲಿ ಮೊಮ್ಮಕ್ಕಳಿಗೆ ತಲೆಗೆ ನೀರು ಹಾಕುತ್ತಿದ್ದಳು. ಗಾಳಿಗುಡ್ಡ ಬರುವ ಮೊದಲು ಹಸೀನಾಳ ಊರಿಗೆ ಹದಿನೆಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು. ನೀರಿನ ಸಾಲಿನಲ್ಲಿ ನೂಕಾಟವಾಗಿ ಬಿದ್ದ ಅವಳ ಸೊಸೆ ಏಳು ತಿಂಗಳ ಬಸಿರು ಕಳೆದುಕೊಂಡಿದ್ದಳು. ಈಗ ಈ ಮೊಮ್ಮಕ್ಕಳು. ಸುವರ್ಣಾಳನ್ನು ಕಂಡಾಗಲೆಲ್ಲ ಹಸೀನಾ, "ನಿಮ್ಮ ಕೈ ತಣ್ಣಗಿರಲಿ ಅಕ್ಕಾರ" ಎನ್ನುತ್ತಿದ್ದಳು. ಎರಡು ನಗರಗಳ ಎಂಬತ್ತು ಲಕ್ಷ ಜನ ಆ ನೀರು ಕುಡಿಯುತ್ತಿದ್ದರು. ಸುವರ್ಣಾಳಿಗೆ ತನ್ನ ಕೆಲಸದ ಬಗ್ಗೆ ಎಂದೂ ನಾಚಿಕೆಯಾಗಿರಲಿಲ್ಲ. ಆ ಸಂಜೆಯೂ ಆಗಲಿಲ್ಲ. ಆದರೂ ಮರುದಿನ ರಜೆ ಬರೆದುಕೊಟ್ಟು, ಜೀಪಿನಲ್ಲಿ ಉಪಕರಣಗಳನ್ನು ಹೇರಿಕೊಂಡು ಮೂಡಣಕ್ಕೆ ಹೊರಟಳು.

ಗೋಪುರಗಳ ಸಾಲು ದಾಟಿ ಮೊದಲ ಅರವತ್ತು ಕಿಲೋಮೀಟರ್ ಬರಡು. ಅದು ಗೊತ್ತಿದ್ದದ್ದೇ, ಅಲ್ಲಿನ ಜನರನ್ನು ಮೊದಲೇ ಎಬ್ಬಿಸಿಯಾಗಿತ್ತು. ಮಂಡಳಿಯ ಮಳೆಮಾಪಕಗಳೂ ಅರವತ್ತಕ್ಕೇ ಮುಗಿಯುತ್ತಿದ್ದವು. ನೆರಳಿಲ್ಲದ ಕಡೆ ನೆರಳನ್ನು ಅಳೆಯುವವರು ಯಾರು? ಅರವತ್ತನೆಯ ಕಲ್ಲು ದಾಟಿದ ಮೇಲೆ ಸುವರ್ಣಾ ಹುಲ್ಲಿಗಾಗಿ ಕಿಟಕಿಯಾಚೆ ನೋಡುತ್ತ ಜೀಪು ಓಡಿಸಿದಳು. ಅರವತ್ತೈದು ಆಯಿತು. ಎಪ್ಪತ್ತು ಆಯಿತು. ಎರೆಮಣ್ಣು ಹೆಂಚಿನಂತೆ ಬಿರಿದಿತ್ತು. ಬಿರುಕಿನ ಅಂಚುಗಳು ಗಾಳಿಗೆ ಸವೆದು ದುಂಡಗಾಗಿದ್ದವು. ಒಂದೆರಡು ವರ್ಷದ ಬರದಲ್ಲಿ ಬಿರುಕಿನ ಅಂಚು ಹಾಗೆ ಸವೆಯುವುದಿಲ್ಲ. ಎಂಬತ್ತರ ಹತ್ತಿರ ಅವಳು ಜೀಪು ನಿಲ್ಲಿಸಿ ಇಳಿದು ಒಂದು ಕರಡದ ಬುಡ ಹಿಡಿದು ಎಳೆದಳು. ಬೇರಿನ ಸಮೇತ ಕೈಗೆ ಬಂತು. ಕರಡದ ಬೇರು ಹೀಗೆ ಬರುವುದಲ್ಲ. ಬರಗಾಲದಲ್ಲೂ ನೆಲ ಕಚ್ಚಿಕೊಂಡಿದ್ದು, ಒಂದು ಮಳೆ ಬಿದ್ದರೆ ಚಿಗುರುವಂಥದ್ದು. ಅದು ಸತ್ತಿತ್ತು.

ಅಲ್ಲಿಂದ ಮುಂದೆ ಅವಳು ಜೀಪನ್ನು ನಿಧಾನವಾಗಿ ಓಡಿಸಿದಳು. ತಲುಪುವುದು ಬೇಡವಾಗಿತ್ತು.

ಕೆಂಗುಂಟಿಯಲ್ಲಿ ಲಕ್ಕವ್ವ ಬಾಗಿಲಲ್ಲೇ ಕೂತು ಉಣ್ಣೆ ಹಿಂಜುತ್ತಿದ್ದಳು. ಅರವತ್ತೈದರ ಹೆಂಗಸು ಎಂಬತ್ತರವಳಂತೆ ಕಂಡಳು. ಅವಳ ಪಕ್ಕದಲ್ಲಿ ಮೊಮ್ಮಗಳು ಕೆಂಚಿ, ನಾಲ್ಕೂವರೆ ವರ್ಷದ ಹುಡುಗಿ, ಎರಡು ಮರಿಗಳನ್ನು ಮಡಿಲಿಗೆ ಹಾಕಿಕೊಂಡು ಕೂತಿತ್ತು. ಕೆಂಚಿಯ ಅಪ್ಪ ಅವ್ವ ಹಿಂಡು ಹೊಡೆದುಕೊಂಡು ಮೂಡಣಕ್ಕೆ ಹೋಗಿದ್ದರು. ಹುಲ್ಲು ಸಿಗದೆ ಈಗ ವರ್ಷಕ್ಕೆ ಎಂಟು ತಿಂಗಳು ಅವರು ಹೊರಗೇ.

"ಬಂದೇನವ್ವಾ" ಎಂದಳು ಲಕ್ಕವ್ವ. "ಕೈಕಾಲಿಗೆ ನೀರು ಕೊಡಲಿಲ್ಲಂತ ಬ್ಯಾಸರ ಮಾಡ್ಕೋಬ್ಯಾಡ. ನಮ್ಮ ಪಾಳಿ ನಾಡಿದ್ದು ಐತಿ."

ಊರಿಗೆ ಟ್ಯಾಂಕರು ಬರುತ್ತಿತ್ತು. ಮನೆಗೊಂದು ಪಾಳಿ. ಸಾಯಂಕಾಲ ಸುವರ್ಣಾ ಅಕ್ಕ ಮತ್ತು ಕೆಂಚಿಯ ಜೊತೆ ಊರು ನೋಡಲು ಹೊರಟಾಗ ಎದುರಾದ ಹೆಂಗಸರು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದರು. ಲಕ್ಕವ್ವನನ್ನು ಯಾರೂ ಮಾತಾಡಿಸಲಿಲ್ಲ. ತನ್ನನ್ನು ನೋಡಿದ್ದರಿಂದ ಹೀಗೆ ಎಂದು ಸುವರ್ಣಾ ಅಂದುಕೊಂಡರೆ, ಕೆಂಚಿ ತನ್ನಷ್ಟಕ್ಕೇ ಹೇಳಿತು: "ಆಯಿ ಕೂಡ ಯಾರೂ ಮಾತಾಡಂಗಿಲ್ಲ. ಆಯಿ ಮಳಿ ಮಾರ್ಯಾಳಂತ."

"ಎಷ್ಟು ದಿನದಿಂದ?" ಎಂದು ಸುವರ್ಣಾ ಕೇಳಿದಳು.

"ಮೂರು ವರ್ಷ ಆತೇನೋ," ಎಂದಳು ಲಕ್ಕವ್ವ. "ತೊಟ್ಟಿಲಿಗೆ ಕರಿಯಂಗಿಲ್ಲ, ಸಾವಿಗೆ ಕರಿಯಂಗಿಲ್ಲ. ನಾ ಹೊಣಿ ಅಂದಿದ್ನಲ್ಲ. ಅವರದೇನು ತಪ್ಪು?"

"ನನಗ ಯಾಕ ಹೇಳಲಿಲ್ಲ ಅಕ್ಕಾ?"

"ನೀ ಅರವತ್ತು ಅಂತಿದ್ದಿ. ಖರೇನ ಇರಬೇಕು, ನಮ್ಮೂರಿಗೆ ಬ್ಯಾರೆ ಏನರ ದೋಷ ಬಂದಿರಬೇಕು ಅಂತ ತಿಳಕೊಂಡೆ."

ಸುವರ್ಣಾ ಹನ್ನೆರಡು ದಿನ ಅಲ್ಲಿ ಉಳಿದಳು. ದಿನಾ ಮುಂಜಾನೆ ಊರಾಚೆ ಹೋಗಿ ಬಲೂನು ಹಾರಿಸಿ ಗಾಳಿಯ ಬಿಸಿ, ತೇವ ಅಳೆದಳು. ಊರ ಸುತ್ತ ನಲವತ್ತು ಕಡೆ ಮಣ್ಣು ಕೊರೆದಳು. ಎರಡು ಮೀಟರ್ ಆಳದವರೆಗೆ ತೇವದ ಹೆಸರಿರಲಿಲ್ಲ. ಹತ್ತನೆಯ ದಿನ ಶಾಲೆಯ ಬೆಂಚಿನ ಮೇಲೆ ಅಂಕಿಗಳನ್ನು ಹರಡಿಕೊಂಡು ಕೂತಾಗ ತಪ್ಪು ಎಲ್ಲಿ ಎಂದು ಅವಳಿಗೆ ಸಿಕ್ಕಿತು. ಅದು ಎಷ್ಟು ಚಿಕ್ಕದೆಂದರೆ ನಗು ಬರುವಂತಿತ್ತು. ಹನ್ನೆರಡು ವರ್ಷದ ಹಿಂದೆ ಗಾಳಿಯ ಬಗ್ಗೆ ಅವಳು ಎಲ್ಲವನ್ನೂ ಸರಿಯಾಗಿಯೇ ಹಿಡಿದಿದ್ದಳು. ನೆಲವನ್ನು ಮಾತ್ರ, ಅದು ಇದ್ದಂತೆ ಇರುತ್ತದೆ ಎಂದುಕೊಂಡುಬಿಟ್ಟಿದ್ದಳು.

ನೆಲ ಇದ್ದಂತೆ ಇರುವುದಿಲ್ಲ. ಬಯಲಿನ ಮಳೆಯಲ್ಲಿ ಕಡಲಿನಿಂದ ಬಂದದ್ದು ಅರ್ಧ. ಉಳಿದರ್ಧ ನೆಲವೇ ಬಿಟ್ಟ ಉಸಿರು. ಹುಲ್ಲು, ಹೊಲ, ಕೆರೆಗಳಿಂದ ಮೇಲೆದ್ದ ಆವಿ ಮತ್ತೆ ಮೋಡವಾಗಿ ಅಲ್ಲೇ ಆಸುಪಾಸಿನಲ್ಲಿ ಬೀಳುತ್ತದೆ. ಅರವತ್ತು ಕಿಲೋಮೀಟರಿನೊಳಗೆ ಹುಲ್ಲು ಸತ್ತಿತು. ಸತ್ತ ನೆಲ ಉಸಿರು ಬಿಡಲಿಲ್ಲ. ಆ ಉಸಿರನ್ನು ನಂಬಿದ್ದ ಮುಂದಿನ ಏಳು ಕಿಲೋಮೀಟರಿಗೆ ಮರುವರ್ಷ ಮಳೆ ತಪ್ಪಿತು. ಅದು ಸತ್ತ ಮೇಲೆ ಅದರ ಮುಂದಿನದು. ನೆರಳು ವರ್ಷಕ್ಕೆ ಆರೇಳು ಕಿಲೋಮೀಟರಿನಂತೆ ತನ್ನಷ್ಟಕ್ಕೆ ತಾನೇ ನಡೆಯತೊಡಗಿತ್ತು. ಕೆಂಗುಂಟಿಗೆ ಬಂದು ನಾಲ್ಕು ವರ್ಷವಾಗಿತ್ತು.

ಸುವರ್ಣಾ ಮನೆಗೆ ಬಂದು ಒಲೆಯ ಮುಂದಿದ್ದ ಅಕ್ಕನ ಪಕ್ಕ ಕೂತಳು.

"ಅಕ್ಕಾ, ನನ್ನ ಲೆಕ್ಕ ತಪ್ಪಿತ್ತು."

ಲಕ್ಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ರೊಟ್ಟಿ ಹಂಚಿಗೆ ಬಿದ್ದು ಉಬ್ಬಿದ ಮೇಲೆ ಕೇಳಿದಳು: "ನಮ್ಮೂರಿನ ದೋಷ ಅಲ್ಲ?"

"ಅಲ್ಲ. ನಂದು."

"ಇದನ್ನ ಊರಾಗ ಹೇಳ್ತೀಯೇನು?"

ಮರುದಿನ ಸುವರ್ಣಾ ಹೇಳಿದಳು. ಅದೇ ಶಾಲೆ, ಅರ್ಧಕ್ಕರ್ಧ ಜನ. ಉಳಿದವರು ಆಗಲೇ ಗುಳೆ ಹೋಗಿದ್ದರು. ಅವಳು ನಕಾಶೆ ತರಲಿಲ್ಲ. ನಾನು ಹೇಳಿದ ಅಂಕಿ ತಪ್ಪು, ನಮ್ಮಕ್ಕ ನನ್ನನ್ನು ನಂಬಿ ಹೇಳಿದಳು, ಅವಳದೇನೂ ತಪ್ಪಿಲ್ಲ ಎಂದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊರ ಹಿರಿಯ ಮಾಳಪ್ಪಜ್ಜ ಕೋಲೂರಿಕೊಂಡು ಎದ್ದ.

"ಗುಡ್ಡ ದೇವರು ಮಾಡಿದ್ದಾದ್ರ ಸರಿಸಾಕ ಬರಂಗಿಲ್ಲ. ನೀವು ಮಾಡಿದ್ದು ತಂಗೀ. ಇಳಸ್ರಿ."

ಗಾಳಿಗುಡ್ಡದ ನಿರ್ದೇಶಕ ಶ್ರೀನಿವಾಸ ತೊರವಿ ಕೆಟ್ಟ ಮನುಷ್ಯನಲ್ಲ. ಸುವರ್ಣಾ ಮರಳಿ ಬಂದು ಮುಂದಿಟ್ಟ ಕಾಗದಗಳನ್ನು ಓದಿ ಕನ್ನಡಕ ತೆಗೆದ.

"ಬೆಳ್ಳಿಹಳ್ಳ ಈಗ ಮುಕ್ಕಾಲು ತುಂಬೇದ. ಆಗಸ್ಟಿನಾಗ ಹತ್ತು ದಿನ ಗುಡ್ಡ ಇಳಸೂಣ. ಮಂಡಳಿಗೆ ಪರೀಕ್ಷೆ ಅಂತ ಹೇಳ್ತೀನಿ. ನಿಮ್ಮ ಊರಿಗೆ ಮಳಿ ಬಂತು ಅಂದ್ರ ಮುಂದ ಮಾತಾಡಲಿಕ್ಕೆ ನಮಗೊಂದು ಆಧಾರ ಸಿಗ್ತದ."

ಆಗಸ್ಟ್ ಎರಡನೆಯ ವಾರ ಕಡಲ ಮೇಲೆ ದೊಡ್ಡದೊಂದು ವಾಯುಭಾರ ಕುಸಿತ ಎದ್ದಿತು. ಅಂಥ ಒದ್ದೆ ಗಾಳಿ ಆ ವರ್ಷ ಬಂದಿರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಸುವರ್ಣಾಳ ಕೈಯಲ್ಲೇ ಎಂಬತ್ತನಾಲ್ಕು ಗೋಪುರಗಳು ಒಂದೊಂದಾಗಿ ಆರಿದವು. ಪರದೆಯ ಮೇಲೆ ಹತ್ತು ವರ್ಷದಿಂದ ನಿಂತಿದ್ದ ಗೋಡೆ ಕುಸಿಯಿತು. ಗಾಳಿ ಒಂದು ಕ್ಷಣ ತಡೆದಂತೆ ಮಾಡಿ, ಆಮೇಲೆ ಮೂಡಣಕ್ಕೆ ನುಗ್ಗಿತು. ಕಿರಿಯ ವಿಜ್ಞಾನಿಗಳು ಚಪ್ಪಾಳೆ ತಟ್ಟಿದರು. ಸುವರ್ಣಾ ಜೀಪು ಹತ್ತಿದಳು. ಮೋಡ ಕೆಂಗುಂಟಿ ತಲುಪುವಾಗ ಅವಳು ಅಲ್ಲಿರಬೇಕಾಗಿತ್ತು.

ಮರುದಿನ ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದ ಅಂಚು ಕಪ್ಪಾಯಿತು. ಊರೆಲ್ಲ ಹೊರಗೆ ಬಂತು. ಗುಡುಗು ಕೇಳಿ ಮಾಳಪ್ಪಜ್ಜ ಮುಂಡಾಸು ತೆಗೆದು ಬೋಳುತಲೆಯಲ್ಲಿ ನಿಂತ. ಹೆಂಗಸರು ಕೊಡ, ಹಂಡೆ, ಬುಟ್ಟಿಯಂಥ ಬುಟ್ಟಿಯನ್ನೂ ತಂದು ಬಯಲಲ್ಲಿಟ್ಟರು. ಲಕ್ಕವ್ವ ಬಾಗಿಲಲ್ಲೇ ಇದ್ದಳು. ಪಕ್ಕದ ಮನೆಯ ನಿಂಗವ್ವ, ಮೂರು ವರ್ಷ ಮಾತು ಬಿಟ್ಟವಳು, ಬಂದು ಅವಳ ಕೈ ಹಿಡಿದಳು. "ಬಾರ ಯಕ್ಕಾ, ನೀ ಯಾಕ ಒಳಗ ನಿಂತೀದಿ?"

ಮೋಡ ಊರ ಮೇಲೆ ಬಂತು. ಬಿಸಿಲು ಹೋಯಿತು. ಮೋಡದ ಹೊಟ್ಟೆಯಿಂದ ಮಳೆ ಇಳಿಯುವುದನ್ನು ಎಲ್ಲರೂ ಕಂಡರು. ಬಾಚದ ಬೂದುಬಣ್ಣದ ಕೂದಲಿನಂತೆ ಎಳೆ ಎಳೆಯಾಗಿ, ಗಾಳಿಗೆ ಓರೆಯಾಗಿ ಅದು ಇಳಿಯಿತು. ಗಂಡಸರು ಕೂಗಿದರು. ಯಾರೋ ಹಲಗೆ ಬಡಿದರು. ಸುವರ್ಣಾ ಮಾತ್ರ ಆ ಎಳೆಗಳ ತುದಿಯನ್ನೇ ನೋಡುತ್ತಿದ್ದಳು. ಎಳೆಗಳು ಇಳಿಯುತ್ತ ತೆಳ್ಳಗಾದವು. ಇನ್ನೂ ಇಳಿದು, ನೆಲದಿಂದ ಮುನ್ನೂರು ನಾನೂರು ಮೀಟರ್ ಮೇಲೆ ಇಲ್ಲವಾದವು.

ನೆಲದ ಮೇಲಿನ ಗಾಳಿ ಅಷ್ಟು ಬಿಸಿಯಾಗಿತ್ತು, ಅಷ್ಟು ಬಾಯಾರಿತ್ತು. ಬೀಳುವ ಹನಿಗಳನ್ನು ಅದು ನಡುದಾರಿಯಲ್ಲೇ ಕುಡಿಯುತ್ತಿತ್ತು. ಹಸಿರಿದ್ದ ನೆಲವಾಗಿದ್ದರೆ ತನ್ನ ಮೇಲಿನ ಗಾಳಿಯನ್ನು ತಂಪಾಗಿಟ್ಟು ಹನಿಗೆ ದಾರಿ ಕೊಡುತ್ತಿತ್ತು.

ಜನ ತಲೆಯೆತ್ತಿ ನಿಂತೇ ಇದ್ದರು. ಮಳೆ ಕಣ್ಣಿಗೆ ಕಾಣುತ್ತಿತ್ತು. ಅದರ ವಾಸನೆಯೂ ಎಲ್ಲಿಂದಲೋ ಒಮ್ಮೆ ಬಂದು ಹೋಯಿತು. ಮಾಳಪ್ಪಜ್ಜ ಎರಡೂ ಕೈ ಮೇಲೆತ್ತಿ ಬೆರಳು ಚಾಚಿದ. ಒಂದು ತಾಸು ಮೋಡ ಹಾಗೆ ಹಾದುಹೋಯಿತು. ನಾಲ್ಕೂವರೆಗೆ ಬಿಸಿಲು ಮತ್ತೆ ಬಂದು ಖಾಲಿ ಹಂಡೆಗಳ ಮೇಲೆ ಹೊಳೆಯಿತು. ನಿಂಗವ್ವ ಲಕ್ಕವ್ವನ ಕೈ ಬಿಟ್ಟಳು. ಸಿಟ್ಟಿನಿಂದ ಬಿಡಲಿಲ್ಲ. ತನ್ನ ಖಾಲಿ ಕೊಡ ಎತ್ತಿಕೊಳ್ಳಲು ಬಿಟ್ಟಳು. ಹೆಂಗಸರು ಕೊಡಗಳನ್ನು ಬೋರಲು ಹಾಕಿಕೊಂಡು ಒಳಗೆ ಹೋದರು.

ಆ ಹತ್ತು ದಿನದಲ್ಲಿ ಇನ್ನೂ ಮೂರು ಸಲ ಮೋಡ ಬಂತು. ಮೂರೂ ಸಲ ಹಾಗೇ ಆಯಿತು. ಎರಡನೆಯ ಸಲಕ್ಕೆ ಜನ ಹೊರಗೆ ಬರಲಿಲ್ಲ.

ಸುವರ್ಣಾ ವರದಿ ಬರೆದಳು. ನೆರಳು ಹೇಗೆ ನಡೆಯುತ್ತಿದೆ ಎಂದು ಬರೆದಳು. ಗುಡ್ಡವನ್ನು ಪೂರ್ತಿ ಇಳಿಸಿ, ಹುಲ್ಲು ಬಿತ್ತಿ ಕಾದರೂ ಸತ್ತ ನೆಲ ಮತ್ತೆ ಮಳೆ ಹಿಡಿಯಲು ಮೂವತ್ತೈದು ವರ್ಷ ಬೇಕು, ಅದೂ ಖಾತ್ರಿಯಿಲ್ಲ ಎಂದು ಬರೆದಳು. ಆದರೆ ಈಗಲೇ ನಿಲ್ಲಿಸಿದರೆ ಕಡಲ ತೇವ ಇನ್ನೂ ಹಸಿರಿರುವ ನೆಲ ಮುಟ್ಟಿ ನೆರಳಿನ ನಡಿಗೆಯಾದರೂ ನಿಲ್ಲುತ್ತದೆ, ಮುಂದಿನ ಊರುಗಳು ಉಳಿಯುತ್ತವೆ ಎಂದೂ ಬರೆದಳು. ಒಂದು ಅಂಕಿಯನ್ನೂ ಮೆತ್ತಗೆ ಮಾಡಲಿಲ್ಲ. ಈ ಸಲ ಅವಳಿಗೆ ಖರೇ ಹೇಳಬೇಕಾಗಿತ್ತು.

ಮಂಡಳಿಯ ಸಭೆಯಲ್ಲಿ ಅಧ್ಯಕ್ಷರು ವರದಿಯ ಪುಟ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಡಾಕ್ಟರ್ ಮೇಟಿಯವರೇ, ಗುಡ್ಡ ನಿಲ್ಲಿಸಿದರೂ ಆ ಊರುಗಳಿಗೆ ಮಳೆ ಬರುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಪರೀಕ್ಷೆಯೂ ಅದನ್ನೇ ತೋರಿಸಿದೆ. ಹಾಗಾದರೆ ಯಾರಿಗಾಗಿ ನಿಲ್ಲಿಸಬೇಕು?"

"ಮುಂದಿನ ಊರುಗಳಿಗಾಗಿ."

"ಅವರಿಗೆ ಇನ್ನೂ ಮಳೆ ಬರುತ್ತಿದೆ. ಇಲ್ಲಿ ಎಂಬತ್ತು ಲಕ್ಷ ಜನಕ್ಕೆ ನಾಳೆಯೇ ನೀರು ಬೇಕು. ನಿಮ್ಮ ಮನೆಯ ನಳಕ್ಕೂ ಅದೇ ನೀರು, ಅಲ್ಲವೇ?"

ಅವರು ಚುಚ್ಚಿ ಕೇಳಿರಲಿಲ್ಲ. ದಣಿದ ದನಿಯಲ್ಲಿ ಕೇಳಿದ್ದರು. ಸುವರ್ಣಾಳಿಗೆ ಹಸೀನಾಳ ಅಂಗಳ ಕಣ್ಣೆದುರು ಬಂತು, ತಲೆಗೆ ನೀರು ಸುರಿಸಿಕೊಂಡು ಕಿಲಕಿಲ ನಗುತ್ತಿದ್ದ ಆ ಮಕ್ಕಳು. ಅವಳು ತೊರವಿಯ ಕಡೆ ನೋಡಿದಳು. ಆತ ಮೇಜಿನ ಮೇಲಿದ್ದ ನೀರಿನ ಲೋಟವನ್ನು ದೂರ ಸರಿಸಿ ತಲೆ ತಗ್ಗಿಸಿದ. ಕೈಯೆತ್ತಿ ಮತ ಹಾಕಿದಾಗ ಗುಡ್ಡ ನಿಲ್ಲಿಸಬೇಕೆಂದು ಎತ್ತಿದವರು ಇಬ್ಬರು, ಅವಳು ಮತ್ತು ತೊರವಿ. ಮುಂದುವರಿಸಬೇಕೆಂದವರು ಒಂಬತ್ತು.

ಗೋಪುರಗಳು ಮತ್ತೆ ಹೊತ್ತಿಕೊಂಡ ದಿನ ಸುವರ್ಣಾ ಕೆಲಸ ಬಿಟ್ಟಳು. ತೊರವಿ ತಡೆಯಲಿಲ್ಲ. "ನೀವು ಸುಳ್ಳು ಬರೆದಿದ್ರ ಗೆಲ್ಲತಿದ್ವೇನೋ" ಎಂದ. "ಸುಳ್ಳು ಒಂದು ಸಲ ಹೇಳಿ ನೋಡೇನಿ ಸರ್, ಗೊತ್ತಿಲ್ಲದ" ಎಂದಳು ಅವಳು.

ಮುಂದಿನ ಬೇಸಿಗೆಗೆ ಕೆಂಗುಂಟಿಯ ಕೊನೆಯ ಮೂವತ್ತೆಂಟು ಮನೆಗಳು ಊರು ಬಿಟ್ಟವು. ಅಲ್ಲಿಂದ ನೂರಾ ನಲವತ್ತು ಕಿಲೋಮೀಟರ್ ಮೂಡಣಕ್ಕೆ, ಹಳ್ಳವೊಂದರ ದಂಡೆಯಲ್ಲಿ ಸರಕಾರ ಜಾಗ ತೋರಿಸಿತ್ತು. ಮಾಳಪ್ಪಜ್ಜ ಬರಲಿಲ್ಲ. ಹೊರಡುವ ಹದಿನೈದು ದಿನ ಮೊದಲು ತೀರಿಕೊಂಡಿದ್ದ. ಲಕ್ಕವ್ವನನ್ನು ಆ ಸಾವಿಗೆ ಕರೆದಿದ್ದರು. ಟ್ರ್ಯಾಕ್ಟರಿನಲ್ಲಿ ಸಾಮಾನು ಹೋಯಿತು. ಹಿಂಡು ನಡೆದೇ ಹೋಗಬೇಕಾಗಿತ್ತು. ಇನ್ನೂರಿದ್ದ ಕುರಿ ಈಗ ಎಪ್ಪತ್ತು. ಲಕ್ಕವ್ವ ಟ್ರ್ಯಾಕ್ಟರು ಹತ್ತಲು ಒಪ್ಪದೆ ಹಿಂಡಿನ ಹಿಂದೆ ನಡೆದಳು. ಸುವರ್ಣಾ ಅವಳ ಜೊತೆ ನಡೆದಳು. ಕೆಂಚಿ ಒಮ್ಮೆ ಅವ್ವನ ಬೆನ್ನ ಮೇಲೆ, ಒಮ್ಮೆ ಅಪ್ಪನ ಹೆಗಲ ಮೇಲೆ.

ಐದನೆಯ ದಿನ ದಾರಿಯ ಬದಿಯಲ್ಲಿ ಹಸಿರು ಕಂಡಿತು. ಕುರಿಗಳು ಅಡ್ಡ ನುಗ್ಗಿ ಬಾಯಿ ಹಾಕಿದವು. ಲಕ್ಕವ್ವ ಒಂದು ಬನ್ನಿ ಗಿಡದ ಕೆಳಗೆ ಕೂತು ಕಾಲು ನೀಡಿದಳು.

"ಸುವ್ವೀ, ನೆಳ್ಳು ನಾವು ಹೊಂಟ ಜಾಗಕ್ಕೂ ಬರ್ತೈತಿ?"

"ಬರ್ತೈತಿ ಅಕ್ಕಾ. ಇಪ್ಪತ್ತು ವರ್ಷಕ್ಕ ಬರಬಹುದು. ಹದಿನೈದಕ್ಕೂ ಬರಬಹುದು. ನನ್ನ ಲೆಕ್ಕ ಈ ಸಲಾನೂ ತಪ್ಪಿರಬಹುದು."

ಲಕ್ಕವ್ವ ತಲೆಯಾಡಿಸಿದಳು. "ಕೆಂಚೀ ಮಕ್ಕಳ ಕಾಲಕ್ಕ" ಎಂದಳು. ಆಮೇಲೆ ಬಹಳ ಹೊತ್ತು ತಂಗಿಯ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಳು.

ಹೊಸ ಜಾಗದಲ್ಲಿ ತಗಡಿನ ಸೂರುಗಳು ಏಳುವಷ್ಟರಲ್ಲಿ ಜೂನ್ ಬಂತು. ಒಂದು ಸಂಜೆ ಸುವರ್ಣಾ ಮತ್ತು ಕೆಂಚಿ ಹಟ್ಟಿಯ ಹತ್ತಿರ ಕುರಿಗಳನ್ನು ಕೂಡಿಹಾಕುತ್ತಿದ್ದಾಗ ಮೋಡ ಕವಿಯಿತು. ಗಾಳಿ ನಿಂತಿತು. ದಪ್ಪ ಹನಿಗಳು ಒಮ್ಮೆಲೇ ತಗಡಿನ ಮೇಲೆ ಬಡಿದವು. ಮೂಡಣಕ್ಕೆ ಹೋಗದೆ ಕೆಂಗುಂಟಿಯಲ್ಲೇ ಹುಟ್ಟಿ ಬೆಳೆದ ಕುರಿಗಳೆಲ್ಲ ಬೆದರಿ, ತಲೆಯನ್ನು ಒಂದರ ಹೊಟ್ಟೆಯ ಕೆಳಗೊಂದು ತುರುಕಿ ಗುಂಪಾದವು. ಮಳೆ ಕಂಡಿದ್ದ ಕುರಿಗಳಷ್ಟೇ ನಿಂತಲ್ಲಿ ಕಣ್ಣು ಮುಚ್ಚಿ ನಿಂತವು. ಕೆಂಚಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕಿರುಚಿತು.

"ಆಯೀ, ಯಾರೋ ಹೊಡಿಯಾಕತ್ತಾರ!"

ಸೂರಿನ ಕೆಳಗಿಂದ ಲಕ್ಕವ್ವ ಓಡಿಬಂದಳು. ಅರ್ಧಕ್ಕೇ ನಿಂತಳು. ಮಳೆ ಅವಳ ಮುಖದ ಮೇಲೆ ಹರಿಯುತ್ತಿತ್ತು. "ನೀ ಹೇಳ ಸುವ್ವೀ ಅದಕ್ಕ" ಎಂದಳು. "ಏನಂತ ಹೇಳ. ನೀ ಓದೀದಿ."

ಸುವರ್ಣಾ ಮಗುವಿನ ಮುಂದೆ ಮೊಣಕಾಲೂರಿ ಕೂತಳು. ಮೂವತ್ತು ವರ್ಷ ಇದನ್ನೇ ಎಷ್ಟೋ ಊರುಗಳಲ್ಲಿ ಜನರೆದುರು ನಿಂತು ವಿವರಿಸಿದವಳು ಈಗ ಬೊಗಸೆಯೊಡ್ಡಿ ಹಿಡಿದಳು. ಬೊಗಸೆ ತುಂಬಿತು. ಕೆಂಚಿಯ ಅಳು ನಿಂತು ಬಿಕ್ಕಾಯಿತು. ಅದು ಬಗ್ಗಿ ನೋಡಿತು, ಒಂದು ಬೆರಳು ಅದ್ದಿ ನೆಕ್ಕಿತು. ಆಮೇಲೆ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತು ಕಲಿತ ಮಗು, ಮೆಲ್ಲಗೆ, ಹೆದರಿಕೊಂಡೇ ಕೇಳಿತು:

"ಇದು ಯಾರ ಪಾಳೀದು?"

ಸುವರ್ಣಾ ಮಗುವನ್ನು ಎತ್ತಿಕೊಂಡು, ಮುಖವನ್ನು ಅದರ ಒದ್ದೆ ಕೂದಲಿನಲ್ಲಿ ಹುದುಗಿಸಿ ಅತ್ತಳು. ಲಕ್ಕವ್ವ ಹೆದರಿದ ಕುರಿಗಳ ನಡುವೆ ನಡೆದಾಡುತ್ತ, ಒಂದೊಂದರ ಬೆನ್ನು ಸವರಿ, "ಏನಿಲ್ಲ, ಏನಿಲ್ಲ, ನಿಲ್ರವ್ವಾ" ಎನ್ನುತ್ತಿದ್ದಳು. ಮಳೆ ಕತ್ತಲಾಗುವವರೆಗೂ ಬಿತ್ತು.